ಸ್ವಂತ ಬೈಕಿನ ರಿಪೇರಿ ಕಲಿಯುವುದನ್ನು ಎಲ್ಲಿಂದ ಆರಂಭಿಸಬೇಕು, ಎಲ್ಲಿ ಕೈ ತಡೆಯಬೇಕು?

ಪ್ರಶ್ನೆ: ಮಲೆನಾಡ ಮೇಷ್ಟ್ರು, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕ. ಮನೆಯಿಂದ ಶಾಲೆಗೆ 11 ಕಿ.ಮೀ. ದಾರಿ. ಅದರಲ್ಲಿ ಅರ್ಧ ಡಾಂಬರು, ಉಳಿದರ್ಧ ಕೆಮ್ಮಣ್ಣಿನ ಏರಿಳಿತ. ಬಸ್ಸು ದಿನಕ್ಕೆ ಎರಡೇ ಬಾರಿ ಬರುವುದರಿಂದ, ಮಾವನವರು ಬಳಸಿ ನನಗೆ ಕೊಟ್ಟ 2008ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್ ಗಾಡಿಯೇ ನನಗೆ ಆಧಾರ. ಗಾಡಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಇಷ್ಟು ವರ್ಷ ಓಡಿದ ಗಾಡಿಗೆ ಒಂದಲ್ಲ ಒಂದು ಸಣ್ಣ ಕೆಲಸ ಇದ್ದೇ ಇರುತ್ತದೆ, ಗ್ಯಾರೇಜು ಇರುವುದು ಮಾತ್ರ ಮನೆಯಿಂದ 23 ಕಿ.ಮೀ. ದೂರದ ಪೇಟೆಯಲ್ಲಿ.

ಕಳೆದ ಆಷಾಢದ ಒಂದು ಸಂಜೆ ಶಾಲೆಯಿಂದ ಹಿಂತಿರುಗುವಾಗ ಏರಿನ ನಡುವೆ ಕ್ಲಚ್ ಕೇಬಲ್ ತುಂಡಾಯಿತು. ಲಿವರ್ ಒಮ್ಮೆಲೇ ಹಗುರಾಗಿ ಹ್ಯಾಂಡಲ್ಲಿಗೆ ಅಂಟಿಕೊಂಡಾಗ ಏನಾಯಿತೆಂಬುದೇ ನನಗೆ ತಿಳಿಯಲಿಲ್ಲ. ಸುರಿಯುವ ಮಳೆಯಲ್ಲಿ 4 ಕಿ.ಮೀ. ಗಾಡಿ ತಳ್ಳಿಕೊಂಡು ಬಂದು, ಮರುದಿನ ಪಿಕಪ್ ವಾಹನದಲ್ಲಿ ಹೇರಿಸಿ ಪೇಟೆಗೆ ಕೊಂಡೊಯ್ದೆ. ಮೆಕ್ಯಾನಿಕ್ ಹೊಸ ಕೇಬಲ್ ಹಾಕಿದ್ದು ನಾನು ಎದುರಿನ ಹೋಟೆಲಿನಲ್ಲಿ ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ. ಕೇಬಲ್ಲಿಗೂ ಕೂಲಿಗೂ ಸೇರಿ ಕೊಟ್ಟದ್ದಕ್ಕಿಂತ ಹಲವು ಪಟ್ಟು ಹಣ ಪಿಕಪ್ಪಿನ ಬಾಡಿಗೆಗೆ ಹೋಯಿತು.

ಎರಡನೆಯ ಸಂಗತಿ ನನ್ನನ್ನು ಇನ್ನೂ ಹೆಚ್ಚು ಯೋಚಿಸುವಂತೆ ಮಾಡಿತು. ದಸರಾ ರಜೆಗೆ ಮೊದಲು ಬೇರೊಂದು ಗ್ಯಾರೇಜಿನಲ್ಲಿ ಫುಲ್ ಸರ್ವಿಸ್ ಮಾಡಿಸಿದೆ. ಬಿಲ್ಲಿನಲ್ಲಿ ಟ್ಯಾಪೆಟ್ ಸೆಟ್ಟಿಂಗ್ (ಎಂಜಿನ್ನಿಗೆ ಗಾಳಿ ಬರುವ, ಹೊಗೆ ಹೋಗುವ ದಾರಿಗಳನ್ನು ತೆರೆದು ಮುಚ್ಚುವ ವಾಲ್ವುಗಳ ಮೇಲಿನ ಸಣ್ಣ ಅಂತರವನ್ನು ಹೊಂದಿಸುವ ಕೆಲಸ) ಎಂದು ಬರೆದು ಹಣವನ್ನೂ ಪಡೆದಿದ್ದರು. ಮನೆಗೆ ಬಂದು ನೋಡಿದರೆ ಎಂಜಿನ್ನಿನ ತಲೆಯ ಮೇಲಿರುವ, ಆ ಕೆಲಸಕ್ಕೆ ತೆರೆಯಲೇಬೇಕಾದ ಎರಡು ಮುಚ್ಚಳಗಳ ಸುತ್ತ ನಮ್ಮೂರ ಕೆಂಪು ಕೆಸರು ಒಣಗಿ ಹಪ್ಪಳದಂತೆ ಕೂತಿದ್ದು ಹಾಗೆಯೇ ಇತ್ತು. ಆ ಮುಚ್ಚಳಗಳನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಅಲ್ಲಿಗೆ ಹೋಗಿ ಜಗಳವಾಡುವುದು ನನ್ನ ಸ್ವಭಾವವಲ್ಲ, ಆದರೆ ನನಗೆ ಏನೂ ತಿಳಿಯದು ಎಂಬುದು ಅವರಿಗೆ ನನ್ನನ್ನು ನೋಡಿದ ಕೂಡಲೇ ತಿಳಿದಿತ್ತು ಎಂಬ ಭಾವನೆ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಈಗ ನನಗೆ 41 ವರ್ಷ. ಸೈಕಲ್ಲಿನ ಚೈನು ಹಾಕಿದ್ದು, ಮನೆಯ ಫ್ಯೂಸು ಕಟ್ಟಿದ್ದು ಬಿಟ್ಟರೆ ಕೈಗೆಲಸದ ಅನುಭವವಿಲ್ಲ. ಗಾಡಿಯ ಜೊತೆ ಬಂದ ಟೂಲ್ ಕಿಟ್ಟಿನಲ್ಲಿ ಪ್ಲಗ್ ಸ್ಪ್ಯಾನರು, ಎರಡು ತಗಡಿನಂಥ ಸ್ಪ್ಯಾನರುಗಳು, ಒಂದು ಸ್ಕ್ರೂಡ್ರೈವರು ಇವೆ. ಯಾವ ಕೆಲಸದಿಂದ ಆರಂಭಿಸಿದರೆ ಗಾಡಿಗೆ ಅಪಾಯವಾಗದೆ ಕೈಗೆ ಅಭ್ಯಾಸವಾಗುತ್ತದೆ? ಯಾವ ಉಪಕರಣಗಳನ್ನು ಕೊಳ್ಳಬೇಕು? ಯಾವ ಕೆಲಸಕ್ಕೆ ನಾನು ಕೈ ಹಾಕಲೇಬಾರದು? ಇದರ ಜೊತೆಗೆ ಇನ್ನೊಂದು ಮಾತು. ಇತ್ತೀಚೆಗೆ ಬೆಳಗಿನ ಹೊತ್ತು ಗಾಡಿ ಸ್ಟಾರ್ಟ್ ಆಗಲು ಏಳೆಂಟು ಕಿಕ್ ಬೇಕಾಗುತ್ತಿದೆ. ಚೋಕ್ ಎಳೆದರೂ ಅಷ್ಟೆ. ಬಿಸಿಯಾದ ಮೇಲೆ ಸರಿಯಾಗಿಯೇ ಓಡುತ್ತದೆ.

ಉತ್ತರ 1: ಹಳೇ ಗ್ಯಾರೇಜು, ಮೈಸೂರು

ಮೇಷ್ಟ್ರೇ, ನಮಸ್ಕಾರ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೈಸೂರಿನಲ್ಲಿ ಗ್ಯಾರೇಜು ನಡೆಸಿ, ಈಗ ಮಗನಿಗೆ ವಹಿಸಿ ಮನೆಯಲ್ಲಿದ್ದೇನೆ. ನಾನು ಕೆಲಸ ಕಲಿತದ್ದು ನಮ್ಮೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಗಾಡಿಗಳ ಮೇಲೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಗಾಡಿಗಳು ಬರುತ್ತಲೇ ಇದ್ದವು, ಈಗಲೂ ಬರುತ್ತವೆ. ನಿಮ್ಮ ಕೇಬಲ್ಲಿನ ಕಥೆ ಓದಿದಾಗ ಅದೇ ನೆನಪಾಯಿತು. ಹಳೆಯ ಜಾವಾದಲ್ಲಿ ಗೇರ್ ಲಿವರನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತಿತ್ತು, ಹೀಗಾಗಿ ಕೇಬಲ್ ತುಂಡಾದವನೂ ಮನೆ ಸೇರುತ್ತಿದ್ದ. ನಿಮ್ಮ ಸ್ಪ್ಲೆಂಡರಿನಲ್ಲಿ ಆ ಅನುಕೂಲವಿಲ್ಲ.

ನಾನು ಶಿಷ್ಯನಾಗಿ ಸೇರಿದಾಗ ನಮ್ಮ ಗುರುಗಳು ಆರು ತಿಂಗಳು ನನ್ನ ಕೈಗೆ ಸ್ಪ್ಯಾನರು ಕೊಡಲಿಲ್ಲ. ಅವರು ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಬಿಚ್ಚಿದ ಕ್ರಮದಲ್ಲಿಯೇ ತಗಡಿನ ತಟ್ಟೆಯಲ್ಲಿ ಸಾಲಾಗಿ ಇಡುವುದಷ್ಟೇ ನನ್ನ ಕೆಲಸವಾಗಿತ್ತು. ಆಗ ಅದು ಶಿಕ್ಷೆಯಂತೆ ಕಂಡಿತ್ತು. ಒಂದು ದಿನ ಅವರು ಊಟಕ್ಕೆ ಹೋದಾಗ ನಾನೇ ಎಂಜಿನ್ ಪಕ್ಕದ ಮುಚ್ಚಳದ ಬೋಲ್ಟುಗಳನ್ನು ಬಿಗಿದೆ. ನನ್ನ ಶಕ್ತಿಯನ್ನೆಲ್ಲ ಹಾಕಿ, ಬೋಲ್ಟು ಇನ್ನೂ ತಿರುಗುತ್ತಿದೆಯಲ್ಲ ಎಂದು ಮತ್ತೂ ಒತ್ತಿದೆ. ಗಟ್ಟಿಯಾಗಿದ್ದ ಬೋಲ್ಟು ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ತಿರುಗಿದಂತೆ ಮೃದುವಾಯಿತು. ಅಲ್ಯೂಮಿನಿಯಂ ಥ್ರೆಡ್ಡು ಕಿತ್ತುಬಂದಿತ್ತು. ಆ ಮೃದುತ್ವವನ್ನು ಒಮ್ಮೆ ಕೈಯಲ್ಲಿ ಅನುಭವಿಸಿದವನು ಸಾಯುವವರೆಗೆ ಮರೆಯುವುದಿಲ್ಲ. ನಿಮಗೆ ಆ ಅನುಭವ ಬೇಡ ಎಂದೇ ಇಷ್ಟು ಬರೆಯುತ್ತಿದ್ದೇನೆ.

ಹೊಸಬರು ಬಿಚ್ಚಲು ಹೆದರುತ್ತಾರೆ, ಬಿಗಿಯಲು ಹೆದರುವುದಿಲ್ಲ. ಹಾಳಾಗುವ ಗಾಡಿಗಳಲ್ಲಿ ಹೆಚ್ಚಿನವು ಹಾಳಾಗುವುದು ಬಿಗಿಯುವಾಗಲೇ. ಬೋಲ್ಟು ಉಕ್ಕು, ಅದು ಕೂರುವ ಎಂಜಿನ್ ಅಲ್ಯೂಮಿನಿಯಂ. ಇಬ್ಬರೂ ಜಗಳವಾಡಿದರೆ ಸೋಲುವುದು ಎಂಜಿನ್ನೇ. ಹತ್ತರ ನಂಬರಿನ ಸ್ಪ್ಯಾನರು ಬೇಕಾಗುವ ಸಣ್ಣ ಬೋಲ್ಟುಗಳನ್ನು ಬಿಗಿಯುವಾಗ ಸ್ಪ್ಯಾನರಿನ ತುದಿಯನ್ನು ಹಿಡಿಯಬೇಡಿ. ಬಾಯಿಯ ಹತ್ತಿರವೇ ಹಿಡಿದು, ಮುಷ್ಟಿಯಿಂದಲ್ಲ, ಮೂರು ಬೆರಳುಗಳಿಂದ ಒತ್ತಿ. ಯಾವ ಬೋಲ್ಟನ್ನೇ ಆಗಲಿ ಮೊದಲ ನಾಲ್ಕೈದು ಸುತ್ತು ಬರಿಗೈಯಿಂದಲೇ ತಿರುಗಿಸಿ ಕೂರಿಸಿ. ಕೈಯಿಂದ ಹೋಗದಿದ್ದರೆ ಅದು ಅಡ್ಡಡ್ಡ ಕೂರುತ್ತಿದೆ ಎಂದು ಅರ್ಥ. ಹಾಗಾದಾಗ ಬಿಚ್ಚಿ ಮತ್ತೆ ಹಾಕಬೇಕೇ ಹೊರತು ಸ್ಪ್ಯಾನರು ತೆಗೆದುಕೊಳ್ಳಬಾರದು.

ಉಪಕರಣಗಳ ವಿಷಯಕ್ಕೆ ಬಂದರೆ, ದೊಡ್ಡ ಪೆಟ್ಟಿಗೆ ಕೊಳ್ಳಬೇಡಿ. ಒಳ್ಳೆಯ ಕಂಪನಿಯ ರಿಂಗ್ ಸ್ಪ್ಯಾನರುಗಳ ಒಂದು ಸೆಟ್ಟು, 8 ಮತ್ತು 10ರ ಟೀ ಸ್ಪ್ಯಾನರುಗಳು, ಒಂದು ಕಟಿಂಗ್ ಪ್ಲೇಯರು, ಸರಿಯಾದ ಅಳತೆಯ ಸ್ಟಾರ್ ಸ್ಕ್ರೂಡ್ರೈವರು, ಪ್ಲಗ್ ಉಜ್ಜಲು ತಂತಿಯ ಬ್ರಷ್ಷು, ಇಷ್ಟು ಸಾಕು. ಸ್ಕ್ರೂ ಸ್ಪ್ಯಾನರನ್ನು ಮಾತ್ರ ಮನೆಯೊಳಗೇ ಇಟ್ಟುಬಿಡಿ. ಅದು ನಲ್ಲಿಗೆ ಸರಿ, ಗಾಡಿಯ ನಟ್ಟಿನ ಮೂಲೆಗಳನ್ನು ಸವೆಸಿ ಗುಂಡಗೆ ಮಾಡುತ್ತದೆ.

ಮೊದಲ ಕೆಲಸವಾಗಿ ಪ್ಲಗ್ ಬಿಚ್ಚಿ ಹಾಕುವುದನ್ನು ಕಲಿಯಿರಿ. ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಚ್ಚುವ ಮೊದಲು ಪ್ಲಗ್ಗಿನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯಿರಿ, ಇಲ್ಲವಾದರೆ ಅದು ನೇರ ಸಿಲಿಂಡರಿನೊಳಗೆ ಬೀಳುತ್ತದೆ. ಬಿಚ್ಚಿದ ಪ್ಲಗ್ಗಿನ ತುದಿ ಕಾಫಿಯ ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣಗಿದ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ, ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗುಗಳ ಕಡೆಗೋ ವಾಲ್ವ್ ಸೀಲಿನ ಕಡೆಗೋ ಅನುಮಾನಿಸಬೇಕು. ಬಿಳಿಚಿಕೊಂಡಿದ್ದರೆ ಎಂಜಿನ್ ಬಿಸಿಯಾಗುತ್ತಿದೆ, ಪೆಟ್ರೋಲು ಸಾಲುತ್ತಿಲ್ಲ. ಹಾಕುವಾಗ ಕೈಯಿಂದ ಪೂರ್ತಿ ಕೂರಿಸಿದ ಮೇಲೆ ಹೊಸ ಪ್ಲಗ್ ಆದರೆ ಸ್ಪ್ಯಾನರಿನಿಂದ ಅರ್ಧ ಸುತ್ತು. ಹಳೆಯದನ್ನೇ ಹಾಕುತ್ತಿದ್ದರೆ ಅದರ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಅದಕ್ಕಿಂತ ಬಹಳ ಕಡಿಮೆ ಸಾಕು.

ಆಮೇಲೆ ಕ್ಲಚ್ ಕೇಬಲ್. ಹಳೆಯ ಕೇಬಲನ್ನು ಎಳೆದು ತೆಗೆಯುವ ಮೊದಲು ಅದರ ಮೇಲಿನ ತುದಿಗೆ ಗಟ್ಟಿ ದಾರ ಕಟ್ಟಿ, ಕೆಳಗಿನಿಂದ ಎಳೆಯಿರಿ. ಕೇಬಲ್ ಹೊರಬಂದಾಗ ಅದೇ ದಾರಿಯಲ್ಲಿ ದಾರ ಉಳಿದಿರುತ್ತದೆ. ಅದಕ್ಕೆ ಹೊಸದನ್ನು ಕಟ್ಟಿ ಮೇಲಕ್ಕೆ ಎಳೆದುಕೊಂಡರೆ ಎಲ್ಲಿಂದ ಹೇಗೆ ಹೋಗಬೇಕೆಂಬ ಗೊಂದಲವೇ ಇರುವುದಿಲ್ಲ. ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರುವಂತೆ ಹೊಂದಿಸಿ. ಕೇಬಲ್ ಹಾಕುವ ಹಿಂದಿನ ರಾತ್ರಿ ಅದನ್ನು ಮೊಳೆಗೆ ನೇತುಹಾಕಿ, ಮೇಲಿನ ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಸಣ್ಣ ಕೊಳವೆ ಕಟ್ಟಿ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟರೆ, ಬೆಳಗ್ಗೆ ಕೆಳತುದಿಯಲ್ಲಿ ಎಣ್ಣೆ ಇಣುಕುತ್ತದೆ. ನಿಮ್ಮ ಮಳೆಗೆ ಇದು ಅಗತ್ಯ. ಇನ್ನೊಂದು ಕೇಬಲನ್ನು ಹೊಸದಾಗಿಯೇ ಕೊಂಡು ಸೀಟಿನ ಕೆಳಗೆ ಸುತ್ತಿ ಇಡಿ. ಪಿಕಪ್ಪಿನವನ ಬಾಡಿಗೆ ಉಳಿಯುತ್ತದೆ.

ಸ್ಟಾರ್ಟಿಂಗ್ ತೊಂದರೆಗೆ ಮೊದಲು ಪ್ಲಗ್ ನೋಡಿ, ಮಳೆಗಾಲದಲ್ಲಿ ಪ್ಲಗ್ ಕ್ಯಾಪಿನೊಳಗೆ ನೀರು ಸೇರಿ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಟ್ಯಾಪೆಟ್ಟಿಗೆ ಈಗಲೇ ಕೈ ಹಾಕಬೇಡಿ. ಅದು ಕಿವಿಗೆ ಸಂಬಂಧಿಸಿದ ಕೆಲಸ, ಶಬ್ದ ಕೇಳಿ ಕೇಳಿ ಬರಬೇಕು.

ಉತ್ತರ 2: ಸಾಧನಕೇರಿ, ಧಾರವಾಡ

ಮೇಷ್ಟ್ರೇ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ನಿಮ್ಮಂತೆಯೇ ತಡವಾಗಿ ಕಲಿತವಳು. ನನ್ನದು ಅಣ್ಣ ಬಿಟ್ಟುಹೋದ 125 ಸಿಸಿಯ ಹಳೆಯ ಗಾಡಿ, ಎರಡೂ ಕಡೆ ಡ್ರಮ್ ಬ್ರೇಕು. ಮೈಸೂರಿನ ಹಿರಿಯರು ಹೇಳಿದ ಮಾತುಗಳೆಲ್ಲ ಅನುಭವದ ಮಾತುಗಳು. ನಾನು ಹೇಳಬಹುದಾದದ್ದು ನನ್ನ ತಪ್ಪುಗಳನ್ನು ಮಾತ್ರ.

ಹಿಂದಿನ ಬ್ರೇಕ್ ಶೂ ಬದಲಿಸುವುದು ಸುಲಭ ಎಂದು ಒಂದು ಭಾನುವಾರ ಕೂತೆ. ಚಕ್ರ ಬಿಚ್ಚಿದ್ದೂ ಆಯಿತು, ಹಳೆಯ ಶೂ ತೆಗೆದದ್ದೂ ಆಯಿತು. ಬ್ರೇಕ್ ಪ್ಲೇಟಿನ ಹೊರಗಿರುವ ಪುಟ್ಟ ತೋಳನ್ನು ಒರೆಸಲೆಂದು ಅದರ ಹಲ್ಲುಗಳಿಂದ ಬಿಡಿಸಿದೆ, ಒರೆಸಿ ಮತ್ತೆ ಹಾಕಿದೆ. ಎಲ್ಲವನ್ನೂ ಜೋಡಿಸಿದ ಮೇಲೆ ಪೆಡಲ್ ತುಳಿದರೆ ಬ್ರೇಕು ಹಿಡಿಯುತ್ತಿತ್ತು, ಆದರೆ ಪೆಡಲ್ ಅಷ್ಟುದ್ದ ಕೆಳಗೆ ಹೋಗುತ್ತಿತ್ತು. ರಾಡಿನ ತುದಿಯ ನಟ್ಟನ್ನು ಪೂರ್ತಿ ತಿರುಗಿಸಿದರೂ ಸರಿಯಾಗಲಿಲ್ಲ. ಹೊಸ ಶೂ ಹಾಕಿದ ಮೇಲೆ ಹೀಗೇಕೆ ಎಂದು ಕತ್ತಲಾಗುವವರೆಗೆ ಯೋಚಿಸಿದೆ. ಆ ತೋಳನ್ನು ನಾನು ಒಂದೇ ಒಂದು ಹಲ್ಲು ಆಚೆ ಕೂರಿಸಿದ್ದೆ. ತೋಳಿನ ಮೇಲೊಂದು, ಅದು ಕೂರುವ, ಶೂಗಳನ್ನು ಅಗಲಿಸುವ ಕ್ಯಾಮಿನ ತುದಿಯಲ್ಲೊಂದು ಚುಕ್ಕಿ ಗುರುತು ಇರುತ್ತದೆ, ಎರಡೂ ಎದುರುಬದುರಾಗಬೇಕು. ಅಂದಿನಿಂದ ಏನನ್ನೇ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆ. ಹಿರಿಯರ ತಗಡಿನ ತಟ್ಟೆಯ ಕೆಲಸವನ್ನು ನನಗೆ ಫೋಟೋಗಳು ಮಾಡುತ್ತವೆ.

ಶೂ ಸವೆದಿದೆಯೇ ಎಂದು ತಿಳಿಯಲು ಚಕ್ರ ಬಿಚ್ಚಬೇಕಾಗಿಯೂ ಇಲ್ಲ. ಪೆಡಲನ್ನು ಪೂರ್ತಿ ಒತ್ತಿದಾಗ ಆ ತೋಳಿನ ಬಳಿಯ ಬಾಣದ ಗುರುತು ಪ್ಲೇಟಿನ ಮೇಲಿನ ಗುರುತಿಗೆ ತಾಗಿದರೆ ಶೂ ಮುಗಿದಿದೆ ಎಂದು ಅರ್ಥ. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಂದ ಊದಬೇಡಿ. ಶೂಗಳಿಗೆ ಅಂಟಿಸಿದ ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿದ್ದುದರಿಂದ ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಒದ್ದೆ ಬಟ್ಟೆಯಿಂದ ಒರೆಸಿ. ಗ್ರೀಸನ್ನು ಕ್ಯಾಮಿಗೆ ತೆಳುವಾಗಿ ಸವರಿ. ಲೈನರಿಗೆ ಗ್ರೀಸಿನ ಕೈ ತಾಗಿದರೂ ಬ್ರೇಕು ಜಾರುತ್ತದೆ. ಬಿಚ್ಚುವಾಗ ತೆಗೆದ ಸ್ಪ್ಲಿಟ್ ಪಿನ್ನನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಿ, ಅದಕ್ಕೆ ಕೆಲವೇ ರೂಪಾಯಿ.

ಚೈನಿನ ಬಗ್ಗೆ ಒಂದು ಮಾತು. ಚೈನ್ ಲಾಕಿನ ಕ್ಲಿಪ್ಪಿಗೆ ಒಂದು ಕಡೆ ತೆರೆದ ಬಾಯಿ, ಇನ್ನೊಂದು ಕಡೆ ಮುಚ್ಚಿದ ತಲೆ ಇರುತ್ತದೆ. ಚೈನು ಓಡುವ ದಿಕ್ಕಿಗೆ ಮುಚ್ಚಿದ ತಲೆ ಮುಂದಾಗಿರಬೇಕು. ತಿರುಗುಮುರುಗಾಗಿ ಹಾಕಿದರೆ ಏನಾದರೂ ತಾಗಿ ಕ್ಲಿಪ್ಪು ಹಾರಿಹೋಗುವ ಸಾಧ್ಯತೆ ಹೆಚ್ಚು. ನಿಮ್ಮ ಸ್ಪ್ಲೆಂಡರಿನಲ್ಲಿ ಚೈನು ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿರುವುದರಿಂದ ಕೆಸರಿನಿಂದ ರಕ್ಷಣೆ ಇದೆ, ಆದರೆ ಕಣ್ಣಿಗೆ ಕಾಣದ್ದನ್ನು ಮನಸ್ಸೂ ಮರೆಯುತ್ತದೆ. ರಬ್ಬರ್ ಬಿರಡೆ ತೆಗೆದು ಬೆರಳಿನಿಂದ ಸಡಿಲ ನೋಡುವ ಅಭ್ಯಾಸವನ್ನು ತಿಂಗಳಿಗೊಮ್ಮೆ ಇಟ್ಟುಕೊಳ್ಳಿ.

ಬಿಡಿಭಾಗದ ಅಂಗಡಿಗಳಲ್ಲಿ ಮೊದಮೊದಲು ನನಗೆ "ಮೆಕ್ಯಾನಿಕ್‌ನ ಕಳಸ್ರೀ ಮೇಡಂ" ಎಂಬ ಉತ್ತರವೇ ಸಿಗುತ್ತಿತ್ತು. ಹಳೆಯ ಭಾಗವನ್ನು ಒರೆಸಿ ಕವರಿನಲ್ಲಿ ಹಾಕಿಕೊಂಡು ಹೋಗಿ ಕೌಂಟರಿನ ಮೇಲೆ ಇಡಲು ಆರಂಭಿಸಿದ ಮೇಲೆ ಮಾತು ಬದಲಾಯಿತು. ನೀವೂ ಹಾಗೆಯೇ ಮಾಡಿ, ತಪ್ಪು ಅಳತೆಯದು ಬರುವುದೂ ತಪ್ಪುತ್ತದೆ.

ಉತ್ತರ 3: ಪೀಣ್ಯದ ಲೇತು, ಬೆಂಗಳೂರು

ಮೇಲಿನ ಇಬ್ಬರ ಮಾತುಗಳನ್ನೂ ಗೌರವಿಸಿಯೇ ಎರಡು ಕಡೆ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಾನು ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್ ಇಟ್ಟುಕೊಂಡಿದ್ದೇನೆ. ಥ್ರೆಡ್ ಕಿತ್ತುಹೋದ ಎಂಜಿನ್ ಹೆಡ್ಡುಗಳು ವಾರಕ್ಕೆ ಒಂದೆರಡಾದರೂ ನನ್ನ ಬಳಿ ಬರುತ್ತವೆ. ರಂಧ್ರವನ್ನು ದೊಡ್ಡದು ಮಾಡಿ, ಹೊಸದಾಗಿ ಟ್ಯಾಪ್ ಹೊಡೆದು, ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಕೂರಿಸಿ ಹಳೆಯ ಅಳತೆಗೆ ತರುವುದು ನಮ್ಮ ಕೆಲಸ. ಹೀಗೆ ಬರುವವುಗಳಲ್ಲಿ ಹೊಸಬರು ಕೆಡಿಸಿದವು ಕಡಿಮೆ. ಹೆಚ್ಚಿನವು "ನನ್ನ ಕೈಗೆ ಗೊತ್ತಾಗುತ್ತದೆ" ಎನ್ನುವವರು ಕೆಡಿಸಿದವು. ಹಿರಿಯರ ಕೈಗೆ ನಿಜವಾಗಿಯೂ ಗೊತ್ತಾಗುತ್ತದೆ, ಏಕೆಂದರೆ ಅದರ ಹಿಂದೆ ಮೂವತ್ತು ವರ್ಷಗಳಿವೆ. ಮೇಷ್ಟ್ರಿಗೆ ಆ ಮೂವತ್ತು ವರ್ಷಗಳನ್ನು ಎಲ್ಲಿಂದ ತರುವುದು? ಅದರ ಬದಲು, ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆಂದು ತಿಳಿಸುವ ಒಂದು ಸಣ್ಣ ಟಾರ್ಕ್ ರೆಂಚ್ ಕೊಂಡರೆ, 6 ಮಿ.ಮೀ. ದಪ್ಪದ ಬೋಲ್ಟಿಗೆ 10 ನ್ಯೂಟನ್ ಮೀಟರ್ ಎಂದರೆ ಎಷ್ಟು ಎಂಬುದನ್ನು ಅದೇ ಕೈಗೆ ಕಲಿಸುತ್ತದೆ. ಮೊದಲು ಬೆರಳಿನಿಂದ ಅಂದಾಜು ಮಾಡಿ ಬಿಗಿದು, ಆಮೇಲೆ ರೆಂಚ್ ಹಾಕಿ ನೋಡಿದರೆ ಅಂದಾಜು ಎಷ್ಟು ತಪ್ಪಿತೆಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯದು ಟ್ಯಾಪೆಟ್. ಅದು ಕಿವಿಯ ಕೆಲಸ ಎಂಬುದನ್ನು ನಾನು ಒಪ್ಪುವುದಿಲ್ಲ. ಟ್ಯಾಪೆಟ್ ಸಡಿಲವಾದರೆ ಟಕಟಕ ಎಂದು ಕೂಗಿ ಹೇಳುತ್ತದೆ, ಕಿವಿಗೆ ಕೇಳುತ್ತದೆ. ಆದರೆ ನಿಜವಾದ ಅಪಾಯವಿರುವುದು ಅದು ಬಿಗಿಯಾದಾಗ, ಮತ್ತು ಆಗ ಅದು ಮೌನವಾಗಿರುತ್ತದೆ. ವರ್ಷಗಟ್ಟಲೆ ಓಡಿದಂತೆ ವಾಲ್ವ್ ತನ್ನ ಸೀಟಿನೊಳಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಅದರ ಮೇಲ್ತುದಿ, ಅದನ್ನು ಒತ್ತಿ ತೆರೆಯುವ ರಾಕರ್ ಎಂಬ ಪುಟ್ಟ ತೋಳಿನ ಕಡೆಗೆ ಏರುತ್ತದೆ, ನಡುವಿನ ಅಂತರ ಮುಗಿದುಹೋಗುತ್ತದೆ. ಅಂತರ ಮುಗಿದ ಮೇಲೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಒತ್ತಡ ಸೋರುತ್ತದೆ. ಎಕ್ಸಾಸ್ಟ್ ವಾಲ್ವಿನ, ಅಂದರೆ ಸೈಲೆನ್ಸರಿನ ಕಡೆಗೆ ಹೊಗೆ ಬಿಡುವ ವಾಲ್ವಿನ, ಅಂಚು ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಸುಡುತ್ತದೆ. ಮೇಷ್ಟ್ರು ಪ್ರಶ್ನೆಯ ಕೊನೆಯಲ್ಲಿ ಬರೆದ ಸಾಲನ್ನು ಮತ್ತೆ ಓದಿ: ಬೆಳಿಗ್ಗೆ ಏಳೆಂಟು ಕಿಕ್ಕು, ಚೋಕಿಗೂ ಬಗ್ಗುವುದಿಲ್ಲ. ಅದರ ಮೇಲೆ ಮಾಡದ ಟ್ಯಾಪೆಟ್ ಸೆಟ್ಟಿಂಗಿನ ಬಿಲ್ಲು ಬೇರೆ. ನನ್ನ ಅನುಮಾನ ಅಲ್ಲಿಯೇ ಇದೆ. ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿ ನೋಡಿ, ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯಬೇಕು. ತಡೆಯದೆ ಸಲೀಸಾಗಿ ಇಳಿದರೆ ಒತ್ತಡ ಸೋರುತ್ತಿದೆ.

ಇದಕ್ಕೆ ಬೇಕಾದುದು ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ಉಕ್ಕಿನ ಎಲೆಗಳ ಒಂದು ಕಟ್ಟು. ನಿಮ್ಮ ಗಾಡಿಯ ಅಂತರದ ಅಂಕಿಯನ್ನು ಕೈಪಿಡಿಯಲ್ಲಿಯೇ ನೋಡಿಕೊಳ್ಳಿ, ಯಾರ ಬಾಯಿಮಾತನ್ನೂ ನಂಬಬೇಡಿ, ನನ್ನದನ್ನೂ ಸೇರಿಸಿ. ಅಂದಾಜಿಗೆ ಹೇಳುವುದಾದರೆ ಹಾಜರಿ ಪುಸ್ತಕದ ಹಾಳೆ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ, ನೀವು ಹುಡುಕುವ ಅಂತರ ಅದಕ್ಕಿಂತಲೂ ಕಡಿಮೆ. ಕಣ್ಣಾಗಲಿ ಕಿವಿಯಾಗಲಿ ಅದನ್ನು ಅಳೆಯಲಾರದು.

ಕ್ರಮ ಹೀಗೆ. ಎಂಜಿನ್ ರಾತ್ರಿಯಿಡೀ ನಿಂತು ತಣ್ಣಗಾಗಿರಬೇಕು. ಪ್ಲಗ್ ತೆಗೆದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಎಡಗಡೆಯ ಮುಚ್ಚಳದಲ್ಲಿರುವ ಎರಡು ಬಿರಡೆಗಳನ್ನು ತೆಗೆದು, ನಡುವಿನ ನಟ್ಟಿಗೆ ಸಾಕೆಟ್ ಹಾಕಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾ ಹೋದರೆ, ಮೇಲಿನ ಕಿಂಡಿಯಲ್ಲಿ, ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಎಂಬ ಚಕ್ರದ ಮೇಲಿನ ಟಿ ಎಂಬ ಗುರುತು ಕಾಣುತ್ತದೆ. ಅದು ಕಿಂಡಿಯ ಅಂಚಿನ ಗುರುತಿಗೆ ಸರಿಯಾಗಿ ನಿಲ್ಲಬೇಕು. ಇಲ್ಲಿ ಹೊಸಬರು ಎಡವುತ್ತಾರೆ: ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೆ ಬರುವುದು ಒಂದು ಆವರ್ತಕ್ಕೆ ಎರಡು ಬಾರಿ, ನಮಗೆ ಬೇಕಾದುದು ಎರಡೂ ವಾಲ್ವುಗಳು ಮುಚ್ಚಿರುವ ಸಲ ಮಾತ್ರ. ಅಂತರ ಎಷ್ಟೇ ಇದ್ದರೂ ತಪ್ಪಾದ ಸಲ ಎರಡೂ ರಾಕರುಗಳು ಸ್ಪ್ರಿಂಗಿನ ಒತ್ತಡದಲ್ಲಿ ಬಿಗಿಯಾಗಿರುತ್ತವೆ. ಹಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ. ಲಾಕ್ ನಟ್ಟನ್ನು ಬಿಗಿದ ಮೇಲೆ ಎಲೆಯನ್ನು ಇನ್ನೊಮ್ಮೆ ತೂರಿಸಿ ಪರೀಕ್ಷಿಸುವುದನ್ನು ಮರೆಯಬೇಡಿ, ಏಕೆಂದರೆ ಬಿಗಿಯುವಾಗ ಸ್ಕ್ರೂ ತಾನೂ ಸ್ವಲ್ಪ ತಿರುಗಿಬಿಡುತ್ತದೆ.

ಕೈ ಹಾಕಬಾರದ್ದು ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ: ಎಂಜಿನ್ ಕೇಸನ್ನು ಒಡೆಯಬೇಕಾದ ಕೆಲಸ, ಮುಂಭಾಗದ ಫೋರ್ಕ್ ಬಿಚ್ಚುವ ಕೆಲಸ, ಚಕ್ರದ ಸ್ಪೋಕ್ ಬಿಗಿದು ಬೆಂಡು ತೆಗೆಯುವ ಕೆಲಸ, ಇವನ್ನು ಬಿಡಿ. ಬ್ರೇಕನ್ನು ನಾನು ನಿಷೇಧಿಸುವುದಿಲ್ಲ, ಆದರೆ ಧಾರವಾಡದ ಸಹೋದರಿಯಂತೆ ಮೊದಲ ತಿಂಗಳಲ್ಲೇ ಆರಂಭಿಸಬೇಡಿ. ಮಾಡಿದ ಮೇಲೆಯೂ ನಿಮ್ಮೂರಿನ ಇಳಿಜಾರಿಗೆ ಹೋಗುವ ಮೊದಲು ಶಾಲೆಯ ಅಂಗಳದಲ್ಲಿ ಹತ್ತು ಸುತ್ತು ಹಾಕಿ ನೋಡಿ. ಕಾರ್ಬುರೇಟರ್ ಬಗ್ಗೆ ಹೆದರಿಕೆ ಬೇಡ. ಈಗಿನ ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರಿಕೊಳ್ಳುವುದರಿಂದ, ಗಾಡಿ ವಾರಗಟ್ಟಲೆ ನಿಂತಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಬೌಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಹಳೆಯದನ್ನು ಒಂದು ಬಾಟಲಿಗೆ ಇಳಿಸಿಕೊಂಡರೆ ಸಾಕು. ನಿಮ್ಮದು 2020ರ ಏಪ್ರಿಲ್ ನಂತರದ ಬಿಎಸ್-6 ಹೊಗೆ ನಿಯಮದ ಗಾಡಿಯಾಗಿದ್ದರೆ ಕಾರ್ಬುರೇಟರಿನ ಜಾಗದಲ್ಲಿ ಇಂಜೆಕ್ಷನ್ ಇರುತ್ತಿತ್ತು, ನನ್ನ ಉತ್ತರವೂ ಬೇರೆಯಾಗಿರುತ್ತಿತ್ತು. ಹಳೆಯ ಗಾಡಿಯವರು ಈ ಒಂದು ವಿಷಯದಲ್ಲಿ ಅದೃಷ್ಟವಂತರು.

ಮೇಷ್ಟ್ರ ಮರುಬರಹ, ಮೂರು ವಾರಗಳ ನಂತರ

ಮೂವರಿಗೂ ನಾನು ಋಣಿ. ಇಷ್ಟು ವಿವರವಾಗಿ ಯಾರಾದರೂ ಬರೆಯುತ್ತಾರೆಂಬ ನಿರೀಕ್ಷೆ ಇರಲಿಲ್ಲ. ಮೊದಲ ಭಾನುವಾರ ಹಿರಿಯರು ಹೇಳಿದಂತೆ ಪ್ಲಗ್ ಬಿಚ್ಚಿದೆ. ಬಣ್ಣ ಕಾಫಿಯದೇ, ಸ್ವಲ್ಪ ಡಿಕಾಕ್ಷನ್ ಹೆಚ್ಚಾದ ಕಾಫಿ. ಏರ್ ಫಿಲ್ಟರಿನ ಪೆಟ್ಟಿಗೆ ತೆರೆದಾಗ ಅಲ್ಲಿ ಕಣಜದ ಹುಳವೊಂದು ಮಣ್ಣಿನ ಗೂಡು ಕಟ್ಟಿತ್ತು, ತೆಗೆದು ಸ್ವಚ್ಛ ಮಾಡಿದೆ. ಪ್ಲಗ್ ಕ್ಯಾಪಿನಲ್ಲಿ ಕಿಲುಬು ಇರಲಿಲ್ಲ. ಗಾಡಿ ಮಾತ್ರ ಬೆಳಿಗ್ಗೆ ಮತ್ತೆ ಏಳು ಕಿಕ್ಕು ಕೇಳಿತು.

ಕಿಕ್ಕರನ್ನು ಕೈಯಿಂದ ಒತ್ತಿ ನೋಡಿದೆ. ಅದು ಅಲ್ಲಲ್ಲಿ ಅನುಮಾನಿಸಿದಂತೆ ಮಾಡಿ ಕೆಳಗಿಳಿಯಿತೇ ಹೊರತು ಗಟ್ಟಿಯಾಗಿ ತಡೆಯಲಿಲ್ಲ. ಆಗ ಶಿವಮೊಗ್ಗಕ್ಕೆ ಹೋದವರಿಂದ ಫೀಲರ್ ಗೇಜ್ ತರಿಸಿದೆ. ಒಣಗಿದ ಆ ಕೆಂಪು ಕೆಸರನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುವಾಗ ನನಗೆ ವಿಚಿತ್ರವಾದ ಸಂತೋಷವಾಯಿತು ಎಂಬುದನ್ನು ಮುಚ್ಚಿಡಲಾರೆ. ಮುಚ್ಚಳಗಳು ಸುಲಭಕ್ಕೆ ಜಗ್ಗಲಿಲ್ಲ. ಟಿ ಗುರುತನ್ನು ಹುಡುಕಿ ನಿಲ್ಲಿಸಿದರೆ ಎರಡೂ ರಾಕರುಗಳು ಬಿಗಿ. ಎಂಜಿನ್ನೇ ಕೆಟ್ಟಿದೆ ಎಂದು ಎದೆ ಧಸಕ್ಕೆಂದಿತು. ಪೀಣ್ಯದವರ ಸಾಲನ್ನು ಮತ್ತೊಮ್ಮೆ ಓದಿ, ಇನ್ನೊಂದು ಸುತ್ತು ತಿರುಗಿಸಿದೆ. ಈಗ ಕಾರ್ಬುರೇಟರಿನ ಕಡೆಯ ರಾಕರು ಬೆರಳಿಗೆ ಅಲುಗಾಡಿತು, ಸೈಲೆನ್ಸರಿನ ಕಡೆಯದು ಅಲುಗಾಡಲೇ ಇಲ್ಲ. ಗೇಜಿನ ಅತ್ಯಂತ ತೆಳುವಾದ ಎಲೆಯೂ ಅದರಡಿಯಲ್ಲಿ ತೂರಲಿಲ್ಲ.

ಲಾಕ್ ನಟ್ಟನ್ನು ಬಿಗಿದು ನೋಡಿ, ಮತ್ತೆ ಸಡಿಲಿಸಿ, ಹೀಗೆ ಆರು ಬಾರಿ ಮಾಡಿದ ಮೇಲೆ ಎಲೆ ಕೈಪಿಡಿಯ ಅಂಕಿಗೆ ಸರಿಯಾಗಿ ಜಾರಿತು, ಬೆಣ್ಣೆ ಕಾಗದವನ್ನು ಪುಸ್ತಕದೊಳಗಿಂದ ಎಳೆದಷ್ಟು ಹಿಡಿತದಲ್ಲಿ. ಹತ್ತು ನಿಮಿಷದ ಕೆಲಸಕ್ಕೆ ನನಗೆ ಎರಡೂವರೆ ಗಂಟೆ ಹಿಡಿಯಿತು. ಮಾರನೆಯ ದಿನ ಬೆಳಿಗ್ಗೆ ಎರಡನೆಯ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ಅಂದಿನಿಂದ ಹಾಗೆಯೇ ಇದೆ.

ಆದರೆ ಒಂದು ಸಂದೇಹ ಉಳಿದಿದೆ. ಮೊದಲು ಎಂಜಿನ್ ನಿಶ್ಶಬ್ದವಾಗಿತ್ತು. ಈಗ ತಣ್ಣಗಿರುವಾಗ ಸಣ್ಣಗೆ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ, ಶಾಲೆ ತಲುಪುವಷ್ಟರಲ್ಲಿ ಕಡಿಮೆಯಾಗುತ್ತದೆ. ನಾನು ಹೆಚ್ಚು ಸಡಿಲ ಬಿಟ್ಟೆನೇ? ಪುನಃ ಸ್ವಲ್ಪ ಬಿಗಿಯಬೇಕೇ?

ಉತ್ತರ 4: ಹಳೇ ಗ್ಯಾರೇಜು, ಮೈಸೂರು

ಮೇಷ್ಟ್ರೇ, ಬಿಗಿಯಬೇಡಿ. ನಿಮ್ಮ ಎಲೆ ಸರಿಯಾಗಿ ಹೇಳಿದೆ, ಪೀಣ್ಯದವರೂ ಸರಿಯಾಗಿಯೇ ಹೇಳಿದ್ದಾರೆ. ಟ್ಯಾಪೆಟ್ಟಿಗೆ ಕೈ ಹಾಕಬೇಡಿ ಎಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಗ್ಯಾರೇಜಿನಲ್ಲಿಯೂ ಸದ್ದು ಬರುತ್ತದೆ ಎಂದು ಗಿರಾಕಿಗಳು ದೂರಿದಾಗ ಬಿಗಿದು ಕಳುಹಿಸಿದ್ದುಂಟು, ಮತ್ತೆ ಅದೇ ಗಾಡಿ ವಾಲ್ವ್ ಕೆಲಸಕ್ಕೆ ಬಂದದ್ದೂ ಉಂಟು. ತಣ್ಣಗಿರುವಾಗ ಸಣ್ಣ ಟಿಕ್ ಟಿಕ್ ಇರಲಿ. ಅದು ಗಟ್ಟಿಯಾಗುತ್ತಾ ಹೋದರೆ, ಇಲ್ಲವೇ ಪೂರ್ತಿ ನಿಂತುಹೋದರೆ ಆಗ ಮುಚ್ಚಳ ತೆರೆಯಿರಿ. ಈಗ 500 ಕಿ.ಮೀ. ಓಡಿಸಿ, ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಎಲೆಯನ್ನು ಮತ್ತೊಮ್ಮೆ ತೂರಿಸಿ ನೋಡಿ ಇಲ್ಲಿ ಬರೆಯಿರಿ. ಸೈಲೆನ್ಸರಿನ ಕಡೆಯ ಅಂತರ ಅಷ್ಟರಲ್ಲೇ ಮತ್ತೆ ಮುಗಿದಿದ್ದರೆ ವಾಲ್ವಿನ ಅಂಚು ಆಗಲೇ ಸುಟ್ಟಿದೆ ಎಂದು ಅರ್ಥ, ಆಗ ಹೆಡ್ಡು ಬಿಚ್ಚಬೇಕಾಗುತ್ತದೆ. ಆ ಕೆಲಸವನ್ನು ಪೇಟೆಗೇ ಕೊಡಿ, ಆದರೆ ಬಿಚ್ಚುವಾಗ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ನೋಡಿ.